ಏಳನೇ ತಿಂಗಳಿಗೂ ಮುಂಚೆ

ದಿನ ತುಂಬುವ ಮೊದಲೇ ಹೆರಿಗೆಯಾದರೆ ಮನೆಯವರು ಹುಡುಕುವುದು ಹಿಂದಿನ ದಿನದ ತಪ್ಪನ್ನು. ಬಸ್ಸಿನಲ್ಲಿ ಕುಲುಕಾಡಿದಳು, ತುಂಬಿದ ಕೊಡ ಎತ್ತಿದಳು, ಹೇಳಿದ ಮಾತು ಕೇಳಲಿಲ್ಲ. ಆಸ್ಪತ್ರೆಯ ಭಾಷೆಯೂ ಬಹುಕಾಲ ಇದಕ್ಕಿಂತ ಮೆದುವಾಗಿರಲಿಲ್ಲ. ನೋವಿಲ್ಲದೆ ಬೇಗ ತೆರೆದುಕೊಳ್ಳುವ ಗರ್ಭಕಂಠಕ್ಕೆ ಅದು ಕೊಟ್ಟ ಹೆಸರು ‘ಇನ್‌ಕಾಂಪಿಟೆಂಟ್ ಸರ್ವಿಕ್ಸ್’, ಅಂದರೆ ಕೈಲಾಗದ ಗರ್ಭಕಂಠ.

ಗರ್ಭಕಂಠ ಒಂದು ರಾತ್ರಿಯಲ್ಲಿ ಸಡಿಲಾಗುವುದಿಲ್ಲ. ಕಾಲಜನ್ ಎಳೆಗಳಿಂದ ಬಿಗಿಯಾಗಿರುವ ಈ ಅಂಗ ಬಸಿರಿನ ಮೊದಲ ತಿಂಗಳುಗಳಿಂದಲೇ ನಿಧಾನವಾಗಿ ಮೆದುವಾಗುತ್ತ ಹೋಗುತ್ತದೆ. ಆ ಕೆಲಸದಲ್ಲಿ ಕೈಯಾಡಿಸುವವುಗಳಲ್ಲಿ ನಾನ್‌ಕೋಡಿಂಗ್ ಆರ್‌ಎನ್‌ಎಗಳೂ ಸೇರಿವೆ. ಪ್ರೋಟೀನ್ ತಯಾರಿಕೆಯ ಸೂಚನೆ ಹೊರದ ಆರ್‌ಎನ್‌ಎಗೆ ಈ ಹೆಸರು. (ಮಾಡದ ಕೆಲಸದಿಂದಲೇ ಹೆಸರಿಡುವ ಚಾಳಿ ಇಲ್ಲಿಯೂ ಇದೆ.) ಇವುಗಳಲ್ಲಿ ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋಆರ್‌ಎನ್‌ಎ, ಪ್ರೋಟೀನಿನ ಸೂಚನೆ ಹೊತ್ತು ಹೊರಟ ಬೇರೆ ಆರ್‌ಎನ್‌ಎಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಕಂಡ ಈ ವ್ಯವಸ್ಥೆಗೆ ನೊಬೆಲ್ ಬಂದದ್ದು 2024ರಲ್ಲಿ.

ಅಮೆರಿಕದ ಮೈಕಲ್ ಎಲೊವಿಟ್ಜ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದಾರು ತಿಂಗಳ ಗರ್ಭಿಣಿಯರ ಗರ್ಭಕಂಠದಿಂದ ಸ್ವಾಬ್‌ನಲ್ಲಿ ಜೀವಕೋಶ ತೆಗೆದು ನೋಡಿದ್ದರು. ಮುಂದೆ ಅವಧಿಗೆ ಮೊದಲೇ ಹೆತ್ತವರಲ್ಲಿ ಮಿರ್-143, ಮಿರ್-145 ಎಂಬ ಮೈಕ್ರೋಆರ್‌ಎನ್‌ಎಗಳು ಆಗಲೇ ಹೆಚ್ಚಿದ್ದವು. ಮರುವರ್ಷ ಮೆಕ್ಸಿಕೊ ನಗರದ ಅಧ್ಯಯನವೊಂದು ಇನ್ನೂ ಮುಂಚೆ, ನಾಲ್ಕನೇ ತಿಂಗಳ ಹೊತ್ತಿಗೇ, ಬೇರೆ ಕೆಲವು ಮೈಕ್ರೋಆರ್‌ಎನ್‌ಎಗಳಲ್ಲಿ ಇಂಥದೇ ನಂಟು ಕಂಡಿತು. ಎರಡರಲ್ಲೂ ಇದ್ದವರು ಕೆಲವೇ ಹೆಂಗಸರು, ಎರಡೂ ಪಟ್ಟಿಗಳು ಒಂದೇ ಅಲ್ಲ. ಇದನ್ನು ನಾಳೆಯೇ ಲ್ಯಾಬಿನಲ್ಲಿ ಸಿಗುವ ಪರೀಕ್ಷೆ ಎಂದು ಮಾರಲು ಹೊರಡುವವರನ್ನು ನಂಬಬಾರದು. ಆದರೆ ಹಿಂದಿನ ದಿನದ ಕೊಡದ ಮೇಲೆ ಹೊರಿಸಿದ ಅಪವಾದವನ್ನು ಅಲುಗಾಡಿಸಲು ಇಷ್ಟು ಸಾಕು.

ಈ ನಾಲ್ಕರಿಂದ ಆರನೇ ತಿಂಗಳ ಅವಧಿ ಪುಣೆ ಪಕ್ಕದ ದೇಹೂ ರೋಡಿನಂಥ ಊರಿನಲ್ಲಿ ಮುಖ್ಯವಾಗುತ್ತದೆ. ಇದು ಲೋಣಾವಳಾ ಲೋಕಲ್ ನಿಲ್ಲುವ ಕಂಟೋನ್ಮೆಂಟ್. ಸುತ್ತಲಿನ ಕಿವಳೆ, ರಾವೇತಗಳಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಏಳರಲ್ಲಿ ಆಕೆ ತವರಿಗೆ ಹೋಗುತ್ತಾಳೆ. ಗರ್ಭಕಂಠ ಬದಲಾಗುವ ತಿಂಗಳುಗಳು ಮಹಾರಾಷ್ಟ್ರದಲ್ಲಿ, ಹೆರಿಗೆ ಕರ್ನಾಟಕದಲ್ಲಿ. ಅಲ್ಲಿನ ಕಾರ್ಡು ಮರಾಠಿಯಲ್ಲಿ. ಬೇಗ ಹುಟ್ಟಿದ ಕೂಸಿನ ಸುದ್ದಿ ಅಲ್ಲಿನ ನರ್ಸಮ್ಮನಿಗೆ ತಲುಪುವುದೇ ಇಲ್ಲ.

2020ರಲ್ಲಿ ಭಾರತದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ ಎಂಬ ಅಂದಾಜಿದೆ, ಜಗತ್ತಿನಲ್ಲೇ ಹೆಚ್ಚು. ಪುಣೆಯ ಕೆಇಎಂ ಆಸ್ಪತ್ರೆ 1993ರಲ್ಲಿ ಆರು ಹಳ್ಳಿಗಳ ತಾಯಂದಿರನ್ನು ಹಿಡಿದು, ಮಕ್ಕಳು ದೊಡ್ಡವರಾಗುವವರೆಗೂ ಬೆನ್ನುಹತ್ತಿದ್ದು ದೊಡ್ಡ ಕೆಲಸ. ಗುರುಗ್ರಾಮದ ಸಿವಿಲ್ ಆಸ್ಪತ್ರೆಯಲ್ಲಿ 2015ರಲ್ಲಿ ಶುರುವಾದ ‘ಗರ್ಭಿಣಿ’ ಯೋಜನೆ ಸಾವಿರಾರು ಬಸುರಿಯರ ಮಾದರಿ ಕೂಡಿಟ್ಟಿದೆ. ಆದರೆ ಇಂಥ ಅಧ್ಯಯನಗಳಿಗೆ ಒಗ್ಗುವವರು ಒಂದೇ ಕಡೆ ನಿಲ್ಲುವವರು. ನಡುವೆ ಊರು ಬಿಡುವವರನ್ನು ‘ಕೈತಪ್ಪಿದವರು’ ಎಂದು ಬರೆದು ಬಿಡುವುದು ಸುಲಭ. ಅವರನ್ನು ತವರಿನವರೆಗೆ ಹಿಂಬಾಲಿಸದ ಭಾರತೀಯ ಆರ್‌ಎನ್‌ಎ ಅಧ್ಯಯನ ಅರ್ಧ ಭಾರತದ್ದೇ ಆದೀತು.

ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. 18ರಿಂದ 24ನೇ ವಾರದೊಳಗೆ ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ ಗರ್ಭಕಂಠದ ಉದ್ದ ಅಳೆಯಬಹುದು. 25 ಮಿಲಿಮೀಟರಿಗಿಂತ ಕಡಿಮೆಯಿದ್ದವರಿಗೆ ಯೋನಿಯಲ್ಲಿ ಇಡುವ ಪ್ರೊಜೆಸ್ಟೆರಾನ್ ಅವಧಿಪೂರ್ವ ಹೆರಿಗೆಯನ್ನು ಕಡಿಮೆ ಮಾಡುತ್ತದೆ. ಹಾಸಿಗೆ ಹಿಡಿಸಿದರೆ ಹಾಗಾಗುತ್ತದೆ ಎನ್ನಲು ಆಧಾರವಿಲ್ಲ. ದಿನಗೂಲಿಯವಳಿಗೆ ಆ ಸಲಹೆ ಕೂಲಿಯನ್ನಷ್ಟೇ ಕಳೆಯುತ್ತದೆ. ಐದನೇ ತಿಂಗಳ ಸ್ಕ್ಯಾನಿಗೆ ಹೇಗೂ ಬರುವ ಆಕೆಗೆ ಈ ಅಳತೆಯನ್ನೂ ತೆಗೆದು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು ಕಳಿಸಬೇಕು. ಮರಾಠಿ ಬಾರದ ಯಾದಗಿರಿಯ ಡಾಕ್ಟರಿಗೂ ಆ ಅಂಕಿ ಓದಲು ಬರುತ್ತದೆ.