ನಿದ್ರೆಯನ್ನು ಕುರಿತು ಒಂದು ಮಾತು

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಹೇಳಿರಬೇಕು. ಮಧ್ಯಾಹ್ನದ ಮೊದಲನೆಯ ಪಿರಿಯಡ್ಡಿನಲ್ಲಿ ಅದರ ಸತ್ಯವನ್ನು ನಮ್ಮ ಅಧ್ಯಾಪಕರೂ ಕಂಡಿದ್ದಾರೆ. ಆದರೆ ಮನೋರೋಗಿಗಳ ವಿಷಯದಲ್ಲಿ ಈ ಗಾದೆ ನಮ್ಮ ದಾರಿ ತಪ್ಪಿಸುತ್ತದೆಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿ ತಪ್ಪಿಸಿತು.

ನನ್ನ ಸೋದರಮಾವನಿಗೆ ಉನ್ಮಾದವೂ ಖಿನ್ನತೆಯೂ ಸರದಿಯ ಮೇಲೆ ಬರುವ ಕಾಯಿಲೆ. ವೈದ್ಯರು ಬೈಪೋಲಾರ್ ಎನ್ನುತ್ತಾರೆ. 2019ರಲ್ಲಿ ಅದು ಮರುಕಳಿಸುವುದಕ್ಕೆ ಮುಂಚೆ ಒಂದು ವಾರ ಅವರು ನಡುರಾತ್ರಿಯವರೆಗೂ ಹಾಡಿಕೊಂಡಿದ್ದು, ಮತ್ತೆ ಮೂರು ಗಂಟೆಗೇ ಎದ್ದು, ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ ಹೂವಿನ ಗಿಡಗಳಿಗೆಲ್ಲ ಹಾಕುತ್ತಿದ್ದರು. ಆಯಾಸದ ಸುಳಿವೇ ಇಲ್ಲ. ಅಜ್ಜಿಗೆ ಪರಮಾನಂದ: “ನೋಡೋ, ನಿನ್ನ ಮಾವ ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಾನೆ!” ಹೈಸ್ಕೂಲಿನಲ್ಲಿದ್ದ ನಾನು ನಾಚಿ ತಲೆ ತಗ್ಗಿಸಿದೆ. ಮಾವನಿಗಾದರೋ ಚಿಂತೆಯೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ. ಎಂಟನೆಯ ದಿನ ಅಂಗಡಿಯ ಗಲ್ಲದ ಹಣವನ್ನೆಲ್ಲ ಬೀದಿಯಲ್ಲಿ ಹೋಗುವವರಿಗೆ ಹಂಚಿಬಿಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ, ಮಾತ್ರೆಯ ಮಂಪರಿನಲ್ಲಿ ಅವರು ಹತ್ತು ಗಂಟೆಯ ತನಕ ಮಲಗಿದರೆ ಅದೇ ಬಾಯಿಗಳು ‘ಕುಂಭಕರ್ಣ’ ಎಂದವು. ಆ ಮಾತಿಗೆ ಬೇಸತ್ತು ಅವರು ರಾತ್ರಿಯ ಮಾತ್ರೆಯನ್ನೇ ಬಿಟ್ಟರು. ಮುಂದಿನದನ್ನು ಹೇಳಬೇಕಾಗಿಲ್ಲ. ನಮ್ಮಲ್ಲಿ ಯಾರೂ ಕೇಡು ಬಯಸಿದವರಲ್ಲ. ನಿದ್ದೆಯನ್ನು ನಡತೆಯೆಂದು ಅಳೆದೆವು, ಅಷ್ಟೆ.

ನಿದ್ದೆಗೇಡೆಂಬುದು ರೋಗದ ಬಾಲ, ರೋಗ ಹೋದರೆ ಅದೂ ಹೋಗುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇದ್ದಿತು. ಈಗ ಅದು ಸಡಿಲಗೊಂಡಿದೆ. 2017ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಪಾಲ್ಗೊಂಡವರು ನಮ್ಮಂಥ ವಿದ್ಯಾರ್ಥಿಗಳೇ: ಬ್ರಿಟನ್ನಿನ 26 ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದ, ನಿದ್ದೆ ಬಾರದ 3,755 ಮಂದಿ. ಅವರಲ್ಲಿ ಅರ್ಧದಷ್ಟು ಜನಕ್ಕೆ ನಿದ್ದೆಯ ರೂಢಿಯನ್ನೂ ಅದನ್ನು ಕುರಿತ ಆಲೋಚನೆಯನ್ನೂ ತಿದ್ದುವ ಚಿಕಿತ್ಸೆ ದೊರೆಯಿತು. ಅವರಿಗೆ ನಿದ್ದೆ ಸುಧಾರಿಸಿತು. ಅದರೊಡನೆ, ಪರರು ತಮಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯವೂ, ಇಲ್ಲದ್ದನ್ನು ಕಾಣುವ ಕೇಳುವ ಭ್ರಮೆಯೂ ತಗ್ಗಿದವು. ಅವರು ತೀವ್ರ ರೋಗಿಗಳಲ್ಲ, ಇಳಿತವೂ ಸಣ್ಣದೇ. ಆದರೂ ನಿದ್ದೆ ಬರಿಯ ಬಾಲವಲ್ಲವೆಂದು ತಿಳಿಯಲು ಅಷ್ಟು ಸಾಕು.

ಗೊರಕೆಯ ವಿಷಯವೂ ಇದೆ. ಈ ರೋಗಗಳಿಗೆ ಕೊಡುವ ಕೆಲವು ಔಷಧಗಳಿಂದ ಮೈ ತೂಕ ಏರುತ್ತದೆ; ತೂಕ ಏರಿದವರಲ್ಲಿ ನಿದ್ದೆಯ ನಡುನಡುವೆ ಉಸಿರು ಕಟ್ಟುವ ತೊಂದರೆ ಹೆಚ್ಚು. ಗಟ್ಟಿಯಾಗಿ ಗೊರಕೆ ಹೊಡೆಯುವವನನ್ನು ಕಂಡು ಸುಖನಿದ್ರೆಯೆಂದು ನಾವು ನಗುತ್ತೇವೆ.

ಮೊದಲು ನೋಡುತ್ತಿದ್ದ ವೈದ್ಯರೊಬ್ಬರು ಮಾವನ ನಿದ್ದೆಯನ್ನು ಒಮ್ಮೆಯೂ ವಿಚಾರಿಸಲಿಲ್ಲ. ಹೊರಗೆ ಅಷ್ಟುದ್ದ ಸಾಲು ಕಾದಿರುವಾಗ ಅವರನ್ನು ದೂರಲಾರೆ. ಕೇಳದಿದ್ದರೂ ಹೇಳಬೇಕಾದವರು ಮನೆಯವರು. ಈಗ ನಮ್ಮ ತಾಯಿಯವರು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ, ಪ್ರತಿ ತಾರೀಖಿನ ಕೆಳಗೆ, ಮಾವ ಎಷ್ಟು ಗಂಟೆ ಮಲಗಿದರೆಂದು ಬರೆದಿಡುತ್ತಾರೆ. ಕಳೆದ ವರ್ಷ ಒಮ್ಮೆ ಮೂರು ದಿನ ಮೇಲಿಂದ ಮೇಲೆ ‘3’ ಎಂದು ಬಿತ್ತು. ನಾಲ್ಕನೆಯ ಬೆಳಗ್ಗೆ ಅವರು ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು, ಮಾವನನ್ನು ಕರೆದುಕೊಂಡು ಮೊದಲ ಬಸ್ಸು ಹತ್ತಿದರು. ವೈದ್ಯರು ಅದನ್ನು ನೋಡಿ ಔಷಧದ ಪ್ರಮಾಣವನ್ನು ಬದಲಿಸಿದರು. ಈ ಸಲ ಆಸ್ಪತ್ರೆ ಸೇರುವ ಪ್ರಮೇಯ ಬರಲಿಲ್ಲ. ಕ್ಯಾಲೆಂಡರು ಮನೆಯಲ್ಲಿಲ್ಲದೆ ಆ ದಿನದ ಹಾಲಿನ ಲೆಕ್ಕ ತಪ್ಪಿಹೋಯಿತೆಂದು ಅಜ್ಜಿ ಮಾತ್ರ ಈಗಲೂ ಗೊಣಗುತ್ತಾರೆ.