ಎತ್ತುವುದು ಬೇರೆ, ಹೊರುವುದು ಬೇರೆ



ನಮ್ಮ ಅಂಕಣದಲ್ಲಿ ಈ ಸಲ ಸ್ವಲ್ಪ ಎಣ್ಣೆ ಜಿಡ್ಡಿನ ವಿಷಯ. ಹಳೆಯ ಲಾರಿಯ ಇಂಜಿನ್ನನ್ನು ಎತ್ತಿ, ಅದರ ಕೆಳಗಿನ ರಬ್ಬರ್ ಮೌಂಟುಗಳನ್ನು ಬದಲಾಯಿಸುವ ಕೆಲಸ. "ನಮಗೇಕೆ ಈ ಲಾರಿ ಪುರಾಣ? ನಾವು ಕಂಪ್ಯೂಟರಿನ ಮುಂದೆ ಕೂರುವವರು" ಎನ್ನಬೇಡಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಸಾಗಾಣಿಕೆಯ ವ್ಯವಹಾರವಿರಬಹುದು. ಕೆಲವರು ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರಬಹುದು. ಉಳಿದವರೂ ಒಂದಲ್ಲ ಒಂದು ದಿನ ಘಾಟಿಯ ರಸ್ತೆಯಲ್ಲಿ ಕಾರಿಗೆ ಜ್ಯಾಕ್ ಕೊಟ್ಟು ಚಕ್ರ ಬಿಚ್ಚಬೇಕಾದವರೇ. ಭಾರವನ್ನು ಎತ್ತಿ ಅದರ ಅಡಿಯಲ್ಲಿ ಕೈ ಹಾಕುವ ಎಲ್ಲ ಕೆಲಸಗಳಿಗೂ ನಿಯಮ ಒಂದೇ. ಅದನ್ನು ಲಾರಿಯ ನೆಪದಲ್ಲಿ ಕಲಿತುಕೊಳ್ಳೋಣ.

ಉದಾಹರಣೆಗೆ ಮುಂದೆ ಮೂತಿಯಿರುವ ಹಳೆಯ ಟಾಟಾ 1210ನ್ನೇ ತೆಗೆದುಕೊಳ್ಳಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್ಶೆಡ್‌ಪುರದಲ್ಲಿ ಶುರುವಾದ ಲಾರಿ ತಯಾರಿಕೆಯ ವಂಶದ ಕುಡಿ ಇದು. ಇದರ ಆರು ಸಿಲಿಂಡರಿನ ಡೀಸೆಲ್ ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರಿದರೆ ಭಾರ ಅರ್ಧ ಟನ್ನಿನ ಆಸುಪಾಸು. ಅಂದರೆ ಅಕ್ಕಿಯ ಹತ್ತು ಮೂಟೆ, ಒಂದೇ ಗಟ್ಟಿಯಾಗಿ!

ಮೌಂಟು ಮಾಡುವುದೇನು?

ಎರಡು ಉಕ್ಕಿನ ತಗಡುಗಳ ನಡುವೆ ಅಂಟಿಸಿದ ದಪ್ಪ ರಬ್ಬರ್ ಮೆತ್ತೆಯೇ ಮೌಂಟು. ಮೋಟಾರು ವಾಹನಗಳ ಆರಂಭದ ಕಾಲದಲ್ಲಿ ಇಂಜಿನ್ನನ್ನು ನೇರವಾಗಿ ಚಾಸಿಗೇ ಬಿಗಿಯುತ್ತಿದ್ದುದು ಸಾಮಾನ್ಯ. ಅದರ ನಡುಕವೆಲ್ಲ ಕುಳಿತವರ ಹಲ್ಲಿನವರೆಗೂ ಬರುತ್ತಿತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ತನ್ನ ಪ್ಲಿಮತ್ ಕಾರಿನಲ್ಲಿ ಇಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿ, 'ಫ್ಲೋಟಿಂಗ್ ಪವರ್' ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ರಬ್ಬರ್ ಭಾರ ಹೊರುತ್ತದೆ, ನಡುಕ ನುಂಗುತ್ತದೆ, ಕ್ಲಚ್ ಬಿಟ್ಟಾಗ ಇಂಜಿನ್ ಪಕ್ಕಕ್ಕೆ ತಿರುಚಿಕೊಳ್ಳದಂತೆ ತಡೆಯುತ್ತದೆ.

ರಬ್ಬರಿನ ಶತ್ರುಗಳು ಮೂರು: ಎಣ್ಣೆ, ಕಾವು, ವಯಸ್ಸು. ನಿಂತಲ್ಲೇ ಗಾಡಿ ಗಡಗಡ ನಡುಗುವುದು, ಕ್ಲಚ್ ಬಿಡುವಾಗ ಕೆಳಗಿನಿಂದ 'ಧಡ್' ಎಂಬ ಸದ್ದು, ಗೇರ್ ಹಿಡಿ ತಾನಾಗಿ ಕುಣಿಯುವುದು, ಫ್ಯಾನು ಅದರ ಕವಚಕ್ಕೆ ತಾಗುವುದು, ಇವೆಲ್ಲ ಮೌಂಟು ಸತ್ತಿದೆ ಎನ್ನುವ ಸೂಚನೆಗಳು. ರಬ್ಬರು ಎಣ್ಣೆಯಲ್ಲಿ ನೆನೆದು ಉಬ್ಬಿದ್ದರೆ ಮೊದಲು ಆ ಎಣ್ಣೆ ಸೋರುವ ಜಾಗವನ್ನು ಸರಿಪಡಿಸಿ. ಇಲ್ಲವಾದರೆ ಹೊಸ ಮೌಂಟಿಗೂ ಅದೇ ಗತಿ.

'ಸ್ವಲ್ಪ ತಾನೆ?' ಎಂಬ ಅಪಾಯ

ಈ ಕೆಲಸಕ್ಕೆ ಇಂಜಿನ್ನನ್ನು ಹೊರಗೆ ತೆಗೆಯಬೇಕಾಗಿಲ್ಲ. ಮೌಂಟಿನ ಮೇಲಿನ ಭಾರ ತಪ್ಪಿ, ಅದು ಜಾರಿ ಹೊರಬರುವಷ್ಟು, ಸಾಮಾನ್ಯವಾಗಿ ಎರಡು ಮೂರು ಅಂಗುಲ ಎತ್ತಿದರೆ ಸಾಕು. ಅಪಾಯವಿರುವುದು ಇಲ್ಲೇ. ಇಂಜಿನ್ ಪೂರ್ತಿ ಹೊರಗೆ ತೆಗೆಯುವವನು ಹತ್ತು ಸಲ ಯೋಚಿಸುತ್ತಾನೆ. "ಎರಡು ಅಂಗುಲ ತಾನೆ, ಐದು ನಿಮಿಷದ ಕೆಲಸ" ಎನ್ನುವವನು ಜ್ಯಾಕ್ ಒಂದನ್ನೇ ನಂಬಿ ಕೈ ತೂರಿಸುತ್ತಾನೆ. ಅರ್ಧ ಟನ್ ಭಾರಕ್ಕೆ ಬೆರಳು ಜಜ್ಜಲು ಎರಡು ಅಂಗುಲ ಬೇಕಿಲ್ಲ, ಅರ್ಧ ಅಂಗುಲ ಸಾಕು.

ಹೈಡ್ರಾಲಿಕ್ ಜ್ಯಾಕಿನ ಒಳಗೆ ಏನಿದೆ? ನೀವು ಶಾಲೆಯಲ್ಲಿ ಓದಿದ ಪಾಸ್ಕಲ್‌ನ ನಿಯಮ. ಸಣ್ಣ ಪಿಸ್ಟನ್ನಿನ ಒತ್ತಡ ಎಣ್ಣೆಯ ಮೂಲಕ ದೊಡ್ಡ ಪಿಸ್ಟನ್ನಿಗೆ ತಲುಪಿ ಭಾರ ಮೇಲೇಳುತ್ತದೆ. ಎದ್ದ ಭಾರವನ್ನು ಅಲ್ಲೇ ನಿಲ್ಲಿಸಿರುವುದು ಒಂದು ಸಣ್ಣ ಸೀಲು ಮತ್ತು ಒಂದು ಪುಟ್ಟ ವಾಲ್ವು. ಸೀಲು ಹರಿದರೆ, ವಾಲ್ವಿನಲ್ಲಿ ಕಸ ಸಿಕ್ಕಿದರೆ, ಯಾರದೋ ಕಾಲು ಹಿಡಿಗೆ ತಾಗಿದರೆ ಭಾರ ಕೆಳಗಿಳಿಯುತ್ತದೆ. ಜ್ಯಾಕ್ ಎತ್ತುವ ಸಾಧನ, ಹೊರುವ ಸಾಧನವಲ್ಲ. ಊರಿನಲ್ಲಿ ಗೊನೆ ಬಲಿತು ಬಾಳೆಗಿಡ ಬಾಗಿದರೆ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾರೆ. ಆದರೆ ಕೈ ಬಿಡುವ ಮುನ್ನ ಕವೆಗೋಲಿನ ಆಸರೆ ಕೊಡುತ್ತಾರೆ. ಜ್ಯಾಕ್ ನಿಮ್ಮ ಕೈ. ಸ್ಟ್ಯಾಂಡು ನಿಮ್ಮ ಕವೆಗೋಲು.

ಕೆಲಸದ ಕ್ರಮ

ಗಾಡಿ ಖಾಲಿಯಿರಲಿ, ಗಟ್ಟಿಯಾದ ಸಮತಟ್ಟು ನೆಲದ ಮೇಲಿರಲಿ. ಮಣ್ಣಿನ ನೆಲದಲ್ಲಿ ಜ್ಯಾಕ್ ಒಂದು ಕಡೆ ಇಳಿದು ಓರೆಯಾಗುತ್ತದೆ. ಬ್ರೇಕು ಹಾಕಿದ ಮೇಲೂ ಚಕ್ರಗಳ ಹಿಂದೆ ಮುಂದೆ ಮರದ ಅಡೆ ಕೊಡಿ. ಜಾತ್ರೆಯಲ್ಲಿ ತೇರಿನ ಗಾಲಿಗೆ ಮರದ ಅಡೆ ಕೊಡುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಇಂಜಿನ್ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಮುಂದಕ್ಕೆ ಮಗುಚುವ ಕ್ಯಾಬಿನ್ನಿನ ಗಾಡಿಯಾದರೆ ಕ್ಯಾಬಿನ್ನಿನ ಕೀಲಕವನ್ನು ಹಾಕಿ ಕೈಯಿಂದ ಅಲುಗಾಡಿಸಿ ನೋಡಿ.

ಅನಂತರ ಹತ್ತು ನಿಮಿಷ ಸುಮ್ಮನೆ ನೋಡುವ ಕೆಲಸ. ಇಂಜಿನ್ ಎದ್ದಾಗ ಅದರ ಜೊತೆ ಏಳುವುದು ಯಾವುದು, ಚಾಸಿಯಲ್ಲೇ ಉಳಿಯುವುದು ಯಾವುದು? ರೇಡಿಯೇಟರಿನ ಹೋಸುಗಳು, ಸೈಲೆನ್ಸರ್ ಪೈಪು, ಡೀಸೆಲ್ ಪೈಪುಗಳು, ಆಕ್ಸಿಲರೇಟರಿನ ಸರಳು, ಅರ್ಥ್ ತಂತಿ, ಗೇರ್ ಹಿಡಿ, ಎರಡರ ನಡುವೆ ಸಿಕ್ಕಿಕೊಂಡಿರುವುದನ್ನೆಲ್ಲ ಸಡಿಲಿಸಿ. ಫ್ಯಾನಿನ ಕವಚ ಬಿಚ್ಚುವುದನ್ನು ಮರೆತರೆ ಫ್ಯಾನು ರೇಡಿಯೇಟರನ್ನೇ ಕೊರೆದೀತು.

ಇಷ್ಟು ಭಾರದ ಇಂಜಿನ್ನನ್ನು ಮೇಲಿನಿಂದ ಚೈನ್ ಪುಲ್ಲಿಯಲ್ಲಿ ಎತ್ತುವುದೇ ಸೂಕ್ತ. ಪುಲ್ಲಿಯ ಮೇಲೆ ಅದು ಹೊರಬಲ್ಲ ಭಾರ ಬರೆದಿರಬೇಕು. ಬರೆದಿಲ್ಲದ ಪುಲ್ಲಿ ಬೇಡ. ಕೊಕ್ಕೆಯನ್ನು ಇಂಜಿನ್ನಿಗೆ ಎತ್ತಲೆಂದೇ ಕೊಟ್ಟಿರುವ ಬಳೆಗಳಿಗೆ ಹಾಕಿ. ಡೀಸೆಲ್ ಪೈಪಿಗಾಗಲಿ, ಮ್ಯಾನಿಫೋಲ್ಡಿಗಾಗಲಿ ಅಲ್ಲ.

ಇಲ್ಲೊಂದು ಲೆಕ್ಕ. 500 ಕಿಲೋ ಭಾರವನ್ನು ಎರಡು ಸರಪಳಿಗಳು ಹಿಡಿದಿವೆ. ನೇರವಾಗಿ ಇಳಿಬಿದ್ದಿದ್ದರೆ ಒಂದೊಂದರ ಪಾಲು 250 ಕಿಲೋ. ಎರಡರ ನಡುವಿನ ಕೋನ 60 ಡಿಗ್ರಿಯಾದರೆ ಒಂದೊಂದರ ಪಾಲು ಸುಮಾರು 290. ಕೋನ 120 ಡಿಗ್ರಿಯಾದರೆ ಒಂದೊಂದೂ ಪೂರ್ತಿ 500 ಕಿಲೋ ಎಳೆತವನ್ನು ತಾಳಬೇಕು! ಸರಪಳಿ ಗಿಡ್ಡವಾಗಿ ಅಗಲವಾದಷ್ಟೂ ಅಪಾಯ. ಕೋನ 60 ಡಿಗ್ರಿ ಮೀರದಷ್ಟು ಉದ್ದದ ಸರಪಳಿ ಬಳಸಿ.

ಕೆಳಗಿನಿಂದ ಜ್ಯಾಕ್ ಕೊಡಲೇಬೇಕಾದರೆ ನೇರವಾಗಿ ಎಣ್ಣೆ ಸಂಪಿನ ನಡುವಿಗೆ ಕೊಡಬೇಡಿ. ತಗಡಿನ ಸಂಪು ಒಳಕ್ಕೆ ಬಾಗಿದರೆ, ಎಣ್ಣೆ ಹೀರುವ ಕೊಳವೆಯ ಬಾಯಿ ಅದರ ತಳಕ್ಕೆ ಹತ್ತಿರದಲ್ಲೇ ಇರುವುದರಿಂದ ಮುಚ್ಚಿಹೋಗಿ ಇಂಜಿನ್ನೇ ಹಾಳಾದೀತು. ಎರಕದ ಸಂಪಾದರೆ ಸೀಳುತ್ತದೆ. ಗಾಡಿಯ ಕೈಪಿಡಿ ಹೇಳುವ ಗಟ್ಟಿ ಜಾಗಕ್ಕೇ, ದಪ್ಪ ಹಲಗೆಯನ್ನು ನಡುವೆ ಇಟ್ಟು ಕೊಡಿ. ಮುಂದಿನ ಕ್ರ್ಯಾಂಕ್ ಪುಲ್ಲಿಗೆ ಎಂದೂ ಕೊಡಬೇಡಿ.

ಎರಡೂ ಕಡೆಯ ನಟ್ಟುಗಳನ್ನು ಸಡಿಲಿಸಿ, ಆದರೆ ಮೌಂಟು ತೆಗೆಯುವುದು ಒಂದು ಸಲಕ್ಕೆ ಒಂದೇ. ಇನ್ನೊಂದು ಇಂಜಿನ್ನನ್ನು ಅದರ ಸ್ಥಾನದಲ್ಲಿ ಹಿಡಿದಿರುತ್ತದೆ. ಸ್ವಲ್ಪ ಎತ್ತಿ, ಸುತ್ತ ನೋಡಿ, ಮತ್ತೆ ಸ್ವಲ್ಪ ಎತ್ತಿ. ಬೇಕಾದಷ್ಟು ಎದ್ದ ಕೂಡಲೇ ಇಂಜಿನ್ನಿನ ಅಡಿಗೆ ಸ್ಟ್ಯಾಂಡನ್ನೋ, ಅಡ್ಡಡ್ಡ ಉದ್ದುದ್ದ ಪೇರಿಸಿದ ಮರದ ದಿಮ್ಮಿಗಳನ್ನೋ ಇಟ್ಟು, ಭಾರವನ್ನು ಅದರ ಮೇಲೆ ಇಳಿಸಿ. ಪುಲ್ಲಿಯ ಸರಪಳಿ ಬಿಗಿಯಾಗಿಯೇ ಇರಲಿ. ಇಟ್ಟಿಗೆ, ಸಿಮೆಂಟ್ ಬ್ಲಾಕು, ಕಲ್ಲು ಬೇಡವೇ ಬೇಡ. ಮರ ಮುರಿಯುವ ಮೊದಲು ಕಿರುಗುಟ್ಟಿ ಹೇಳುತ್ತದೆ. ಇಟ್ಟಿಗೆ ಹೇಳದೆ ಪುಡಿಯಾಗುತ್ತದೆ. ಹಳೆಯ ಮೌಂಟನ್ನು ಸರಳಿನಿಂದ ತಳ್ಳಿ, ಇಕ್ಕಳದಿಂದ ಎಳೆಯಿರಿ. ಆ ಸಂದಿಗೆ ಬೆರಳು ಹೋಗಬಾರದು.

ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಕೈಬಿಗಿಯಷ್ಟೇ ಹಾಕಿ. ಎರಡೂ ಕಡೆ ಮುಗಿದು, ಇಂಜಿನ್ ಪೂರ್ತಿ ಇಳಿದು ತನ್ನ ಭಾರದಲ್ಲಿ ಕುಳಿತ ಮೇಲೆಯೇ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಿರಿ. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಮೌಂಟುಗಳನ್ನು ಜೋಡಿಯಾಗಿಯೇ ಬದಲಿಸಿ. ಹೊಸದರ ಪಕ್ಕದ ಹಳೆಯದು ಕುಸಿದಿರುವುದರಿಂದ ಇಂಜಿನ್ ವಾಲುತ್ತದೆ.

ಕೆಳಗೆ ಮಲಗಿರುವವರು ಯಾರು?

1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು, ಭಾರ ಎತ್ತುವ ಸಲಕರಣೆಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹರು ಪರೀಕ್ಷಿಸಬೇಕು, ಹೊರಬಲ್ಲ ಭಾರವನ್ನು ಅವುಗಳ ಮೇಲೆ ಕಾಣುವಂತೆ ಬರೆಯಬೇಕು ಎಂದು ವಿಧಿಸಿತ್ತು. ಮೂರು ನಾಲ್ಕು ಜನರ ರಸ್ತೆಬದಿಯ ಗ್ಯಾರೇಜು ಆ ಕಾಯಿದೆಯ ವ್ಯಾಪ್ತಿಗೆ ಬಾರದಿದ್ದರೂ ಭೂಮಿಯ ಗುರುತ್ವಾಕರ್ಷಣೆಯ ವ್ಯಾಪ್ತಿಗೆ ಬಂದೇ ಬರುತ್ತದೆ.

ನವಿ ಮುಂಬಯಿಯ ಕಳಂಬೋಲಿಯಿರಲಿ, ದಿಲ್ಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರವಿರಲಿ, ಹೈದರಾಬಾದಿನ ಆಟೋನಗರವಿರಲಿ, ಗಾಡಿಯ ಕೆಳಗೆ ನುಸುಳುವ ಕೆಲಸ ಹೆಚ್ಚಾಗಿ ಬೀಳುವುದು ಸಣ್ಣ ಮೈಯ, ಕಡಿಮೆ ಸಂಬಳದ ಹುಡುಗನ ಪಾಲಿಗೆ. 2016ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನವರನ್ನು ಗ್ಯಾರೇಜಿನಲ್ಲಿ ದುಡಿಸುವುದು ಕಾನೂನಿನ ಪ್ರಕಾರ ಅಪರಾಧ. ದೊಡ್ಡವನಾದರೂ ಆತ "ಜ್ಯಾಕ್ ಸಾಲದು, ಸ್ಟ್ಯಾಂಡು ಕೊಡಿ" ಎಂದು ಮಾಲೀಕನಿಗೆ ಹೇಳಲಾರ. ಹೇಳಿದರೆ ಕೆಲಸ ಹೋದೀತೆಂಬ ಭಯ.

ನೀವು ಹೇಳಬಲ್ಲಿರಿ. ಗಾಡಿ ನಿಮ್ಮದು, ಹಣ ಕೊಡುವವರು ನೀವು. ಗ್ಯಾರೇಜಿನಲ್ಲಿ ನಿಂತಾಗ ಮೊಬೈಲಿನಿಂದ ಒಮ್ಮೆ ತಲೆಯೆತ್ತಿ, ಕೆಳಗೆ ಬಗ್ಗಿ ನೋಡಿ. ಜ್ಯಾಕ್ ಒಂದೇ ಕಂಡರೆ, "ಮೊದಲು ಸ್ಟ್ಯಾಂಡು ಇಡಿ, ಆಮೇಲೆ ಕೈ ಹಾಕಿ. ತಡವಾದರೆ ಆಗಲಿ, ನಾನು ಕಾಯುತ್ತೇನೆ" ಎನ್ನಿ. ಹಿಂದಿಯಲ್ಲಿ ಹೇಳಿ, ಮರಾಠಿಯಲ್ಲಿ ಹೇಳಿ, ತಮಿಳಿನಲ್ಲಿ, ತೆಲುಗಿನಲ್ಲಿ ಹೇಳಿ. ಎರಡು ಮೂರು ಭಾಷೆ ಬಲ್ಲ ನಿಮಗೆ ಅದೇನು ಕಷ್ಟವಲ್ಲ. ಕೆಳಗೆ ಮಲಗಿದವನು ಯಾವ ಭಾಷೆಯವನಾದರೂ ಅವನಿಗಾಗಿ ಸಂಜೆ ಒಂದು ಮನೆ ಕಾಯುತ್ತಿರುತ್ತದೆ.