ಹಗ್ಗದಾಚೆ ನಿಂತವರು

ಹೊರನಾಡಿನ ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ ಮಕ್ಕಳ ಓದು, ಮಕ್ಕಳ ಕನ್ನಡ, ಮಕ್ಕಳ ಮದುವೆ ಇವು ಎಂದಿನಿಂದಲೂ ಮಾತಿಗೆ ಬರುವ ಸಂಗತಿಗಳು. ಪುಣೆಯಲ್ಲಿ ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಹುಡುಗನನ್ನು ಯಾವ ಕ್ಲಬ್ಬಿನ ಪರವಾಗಿ ಆಡಿಸುವುದು? ಹದಿನಾಲ್ಕರೊಳಗಿನವರ ಆಯ್ಕೆಗೆ ಇಲ್ಲಿಂದಲೇ ಕಳಿಸುವುದೋ, ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿ ಬಿಟ್ಟು ಕರ್ನಾಟಕದಿಂದ ಕಳಿಸುವುದೋ? ದೊಡ್ಡ ಹೆಸರಿನ ಅಕಾಡೆಮಿ ಕರೆದಿದೆ. ಈಗಿರುವ ಕೋಚ್ ಸರ್‌ಗೆ ಹೇಗೆ ಹೇಳುವುದು? ಸಾಹಿತ್ಯದ ಬಳಗದಲ್ಲಿ ಕ್ರಿಕೆಟ್ಟಿನ ಗೊಡವೆ ಏಕೆಂದು ಕೇಳುವವರು ಕೇಳಲಿ. ಮನೆಯ ಊಟದ ಹೊತ್ತನ್ನೂ ಭಾನುವಾರಗಳನ್ನೂ ಗಂಡಹೆಂಡಿರ ಮಾತುಕತೆಯನ್ನೂ ಇಷ್ಟರಮಟ್ಟಿಗೆ ಆವರಿಸಿಕೊಂಡ ವಿಷಯವನ್ನು ಕುರಿತು ಬರೆಯದಿದ್ದರೆ ನಾವು ಮತ್ತೇನನ್ನು ಬರೆಯಬೇಕು?

ಮೈದಾನದ ಹಗ್ಗದಾಚೆ ನಿಲ್ಲುವ ತಂದೆತಾಯಂದಿರ ಪರವಾಗಿಯೇ ನಾವು ಮಾತಾಡುತ್ತಿದ್ದೇವೆ. ಆದರೆ ಅವರಿಗೆ ಹಿತವಾಗದ ಎರಡು ಮಾತುಗಳನ್ನು ಹೇಳುವವರಿದ್ದೇವೆ. ತಂಡದ ಹೆಸರನ್ನು ನೋಡಿ ಮಗುವನ್ನು ಒಪ್ಪಿಸಬಾರದು ಎಂಬುದು ಒಂದು. ಮಗು ಬಾಳುವ ಊರಿನಲ್ಲಿಯೇ ಮಗು ಆಡಬೇಕು ಎಂಬುದು ಇನ್ನೊಂದು.

ಟ್ರಯಲ್ಸ್ ಎಂಬುದು ಏನೆಂದು ಕಂಡವರಿಗಷ್ಟೇ ಗೊತ್ತು. ಬೆಳಗಿನ ಏಳಕ್ಕೆ ಬಿಳಿಯ ಉಡುಪಿನ ನೂರಾರು ಹುಡುಗರು ತಮಗಿಂತ ದೊಡ್ಡದಾದ ಕಿಟ್ ಬ್ಯಾಗುಗಳನ್ನು ಎಳೆದುಕೊಂಡು ಬಂದು ಸಾಲುಗಟ್ಟಿ ಕೂರುತ್ತಾರೆ. ಎದೆಗೆ ಒಂದು ಸಂಖ್ಯೆ. ಸರದಿ ಬಂದಾಗ ನೆಟ್ಸ್‌ನಲ್ಲಿ ಹತ್ತೋ ಹನ್ನೆರಡೋ ಎಸೆತ. ಅವುಗಳಲ್ಲಿ ಮೂರು ಲೆಗ್ ಸೈಡಿನ ಆಚೆ ಹೋಗುತ್ತವೆ, ಎರಡು ತಲೆಯ ಮೇಲಿಂದ ಹಾಯುತ್ತವೆ. ಏಕೆಂದರೆ ಚೆಂಡೆಸೆಯುವವನೂ ಆಯ್ಕೆಯ ಆತಂಕದಲ್ಲಿರುವ ಇನ್ನೊಬ್ಬ ಹುಡುಗನೇ. ಉಳಿದ ಐದಾರು ಎಸೆತಗಳಲ್ಲಿ ವರ್ಷವಿಡೀ ಕಲಿತದ್ದನ್ನೆಲ್ಲ ತೋರಿಸಬೇಕು. ಸ್ಪಿನ್ನರನ ಪಾಡು ಇನ್ನೂ ಕಷ್ಟ. ಬ್ಯಾಟುಗಾರನನ್ನು ಒಂದಿಷ್ಟು ಹೊತ್ತು ಬಲೆಗೆಳೆದು ಕೆಡವುವುದು ಅವನ ವಿದ್ಯೆ. ಆ ಹೊತ್ತೇ ಅಲ್ಲಿಲ್ಲ. ವಿಕೆಟ್ ಕೀಪರನನ್ನಂತೂ ಕೆಲವೊಮ್ಮೆ ನೋಡುವುದೇ ಇಲ್ಲ. ಸಂಜೆ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತದೆ. ಹೆಸರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಾರಣದ ಕಾಲಂ ಆ ಪಟ್ಟಿಯಲ್ಲಿರುವುದಿಲ್ಲ.

ಆಯ್ಕೆಗಾರರನ್ನು ದೂರುವುದು ಸುಲಭ. ಅಷ್ಟು ಮಕ್ಕಳನ್ನು ಅಷ್ಟು ಹೊತ್ತಿನಲ್ಲಿ ನೋಡಬೇಕಾದ ಯಾರೇ ಆದರೂ ಕೊನೆಗೆ ಎತ್ತರವನ್ನೂ ತೋಳಿನ ಬಲವನ್ನೂ ನೋಡಿಯಾರು. ವಯೋಮಿತಿಯ ಕ್ರಿಕೆಟ್ಟಿನಲ್ಲಿ ಭಾರತೀಯ ಮಂಡಳಿ ಸೆಪ್ಟೆಂಬರ್ 1ನ್ನು ಗಡಿಯ ದಿನವಾಗಿ ಇಟ್ಟುಕೊಂಡಿದೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮರುವರ್ಷದ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನವರು. ಇವರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರುತ್ತದೆ. ಹದಿಮೂರರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಒಂದು ಗೇಣು ಎತ್ತರ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಲೆಕ್ಕಹಾಕಿ, ಗಡಿಯ ದಿನದ ಆಸುಪಾಸಿನಲ್ಲಿ, ಅಂದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿರುವುದನ್ನು ತೋರಿಸಿದರು. ದೊಡ್ಡ ಮೈಯವನನ್ನು ಪ್ರತಿಭಾವಂತನೆಂದು ಆರಿಸುತ್ತಾರೆ. ಆರಿಸಿದ ಮೇಲೆ ಒಳ್ಳೆಯ ತರಬೇತಿ ಸಿಕ್ಕಿ ಅವನು ನಿಜವಾಗಿಯೂ ಪ್ರತಿಭಾವಂತನಾಗುತ್ತಾನೆ. ನಮ್ಮಲ್ಲಿ ಹದಿನಾರರೊಳಗಿನ ಹುಡುಗರಿಗೆ ಎಡ ಮಣಿಕಟ್ಟಿನ ಎಕ್ಸ್‌-ರೇ ತೆಗೆದು ಮೂಳೆಯ ವಯಸ್ಸನ್ನು ಅಳೆಯುವ ಪದ್ಧತಿ ಬಂದಿದೆ. ಜನನ ಪ್ರಮಾಣಪತ್ರವನ್ನು ತಿದ್ದಿಸುವ ಚಾಳಿ ಎಷ್ಟು ಬೇರೂರಿತ್ತು ಎಂಬುದಕ್ಕೆ ಆ ಎಕ್ಸ್‌-ರೇಯೇ ಸಾಕ್ಷಿ. ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಂಚನೆಯ ಬಗ್ಗೆ ಕಟುವಾಗಿಯೇ ಮಾತಾಡಿದ್ದರು. ಅದನ್ನು ಮಾಡಿಸುವವರು ಹದಿಮೂರರ ಮಕ್ಕಳಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕರೆ ಬಂದವರ ಕಥೆ. ಆಯ್ಕೆಯಾಗದ ಮನೆಯಲ್ಲಿ ಒಂದು ದಿನದ ದುಃಖ; ಎರಡು ಮೂರು ತಂಡಗಳಿಂದ ಕರೆ ಬಂದ ಮನೆಯಲ್ಲಿ ಒಂದು ವರ್ಷದ ಗೊಂದಲ. ಪುಣೆಯಲ್ಲಿ ಪಿ.ವೈ.ಸಿ. ಹಿಂದೂ ಜಿಮ್ಖಾನಾ, ಡೆಕ್ಕನ್ ಜಿಮ್ಖಾನಾ, ಪೂನಾ ಕ್ಲಬ್‌ಗಳಂಥ ಹಳೆಯ ಸಂಸ್ಥೆಗಳಿವೆ. ಥೇರ್‌ಗಾಂವ್‌ನ ವೆಂಗ್‌ಸರ್ಕರ್ ಅಕಾಡೆಮಿ ಇದೆ. ಹೊಸ ಬಡಾವಣೆಗಳ ಅಂಚಿನಲ್ಲಿ ಕಬ್ಬಿನ ಗದ್ದೆಯನ್ನು ಸಮತಟ್ಟು ಮಾಡಿ ಎದ್ದ ಅಕಾಡೆಮಿಗಳಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಟೂರ್ನಿಗೆ ಒಂದು ಕ್ಲಬ್ಬಿನ ಪರವಾಗಿ ಹೆಸರು ನೋಂದಾಯಿಸಿದ ಹುಡುಗ ಅದೇ ಟೂರ್ನಿಯಲ್ಲಿ ಇನ್ನೊಂದಕ್ಕೆ ಆಡಲಾರ. ಆದ್ದರಿಂದ ಕರೆಯ ಜೊತೆಗೇ ಅವಸರವೂ ಬರುತ್ತದೆ: ನಾಳೆಯೊಳಗೆ ಹೇಳಿ, ಜಾಗ ಒಂದೇ ಉಳಿದಿದೆ. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿನ ಮಕ್ಕಳ ಬೇಸ್‌ಬಾಲ್ ತಂಡಗಳ ಬಗ್ಗೆ ಹೇಳುವುದೂ ಇದೇ. ಟ್ರಯಲ್ಸ್ ಮುಗಿದ ರಾತ್ರಿಯೇ ಕರೆ, ಒಂದೆರಡು ದಿನದೊಳಗೆ ಮುಂಗಡ ಹಣ, ಆಮೇಲೆ ವಾರಾಂತ್ಯವೆಲ್ಲ ಬೇರೆ ಬೇರೆ ಊರುಗಳ ಹೋಟೆಲುಗಳಲ್ಲಿ. ಚೆಂಡು ಬೇರೆ, ಕೋಲು ಬೇರೆ. ತಂದೆತಾಯಂದಿರ ಎದೆಬಡಿತ ಒಂದೇ.

ಈ ಅವಸರದಲ್ಲಿ ಯಾರೂ ಕೇಳದ ಒಂದು ಸಣ್ಣ ಪ್ರಶ್ನೆಯಿದೆ. ಇಲ್ಲಿ ನನ್ನ ಮಗ ಎಷ್ಟು ಚೆಂಡು ಆಡುತ್ತಾನೆ? ದೊಡ್ಡ ಕ್ಲಬ್ಬಿನ ತಂಡದಲ್ಲಿ ಇಪ್ಪತ್ತು ಹುಡುಗರಿದ್ದಾರೆನ್ನಿ. ಒಂಬತ್ತು ಮಂದಿ ಪ್ರತಿ ಪಂದ್ಯದಲ್ಲೂ ಹೊರಗೆ. ಒಳಗಿರುವ ಹನ್ನೊಂದರಲ್ಲಿ ಏಳನೆಯ ಕ್ರಮಾಂಕದವನು ಪ್ಯಾಡ್ ಕಟ್ಟಿಕೊಂಡು ಕುಳಿತು, ಪಂದ್ಯ ಗೆದ್ದ ಮೇಲೆ ಪ್ಯಾಡ್ ಬಿಚ್ಚುತ್ತಾನೆ. ತಂಡ ಬಲವಾದಷ್ಟೂ ಅವನಿಗೆ ಆಟ ಕಡಿಮೆ. ಋತುವಿನ ಕೊನೆಗೆ ಮನೆಯ ಷೋಕೇಸಿನಲ್ಲಿ ವಿಜಯಿ ತಂಡದ ಪದಕವಿರುತ್ತದೆ, ಅವನ ಲೆಕ್ಕದಲ್ಲಿ ನಲವತ್ತು ಎಸೆತವೂ ಇರುವುದಿಲ್ಲ. ಅದೇ ಹುಡುಗ ಮನೆಯ ಹತ್ತಿರದ ಸಾಧಾರಣ ತಂಡದಲ್ಲಿ ಮೊದಲ ಕ್ರಮಾಂಕದಲ್ಲಿ ಇಳಿದು, ಸೋತ ಪಂದ್ಯಗಳಲ್ಲೇ ನಾನೂರು ಐನೂರು ಎಸೆತಗಳನ್ನು ಎದುರಿಸಿರುತ್ತಾನೆ. ನಮ್ಮ ಬಳಗದ ತಾಯಿಯೊಬ್ಬರು ಮಗನ ಎಸೆತಗಳನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎರಡನೆಯ ವರ್ಷ ಅವರು ತಂಡ ಬದಲಿಸಿದ್ದು ಆ ಪುಸ್ತಕ ನೋಡಿ. ಕ್ರಿಕೆಟ್ ತಿಳಿದ ಗಂಡಸರೆಲ್ಲ ಬೇಡವೆಂದರು; ಆಕೆ ಕೇಳಲಿಲ್ಲ. ನಮಗೆ ಆಕೆಯ ಲೆಕ್ಕವೇ ಸರಿಯೆನಿಸುತ್ತದೆ.

ಕಣ್ಣಿಗೆ ಕಟ್ಟುವ ಉದಾಹರಣೆಗಳು ಈ ಲೆಕ್ಕವನ್ನು ಮರೆಸುತ್ತವೆ ನಿಜ. 2024ರ ನವೆಂಬರಿನ ಹರಾಜಿನಲ್ಲಿ ಬಿಹಾರದ ವೈಭವ್ ಸೂರ್ಯವಂಶಿ 13ನೆಯ ವಯಸ್ಸಿಗೆ 1 ಕೋಟಿ 10 ಲಕ್ಷ ರೂಪಾಯಿಗೆ ಐಪಿಎಲ್ ತಂಡ ಸೇರಿದ. ಮರುವರ್ಷದ ಏಪ್ರಿಲಿನಲ್ಲಿ 35 ಎಸೆತಗಳಲ್ಲಿ ಶತಕ ಹೊಡೆದ. ಆ ರಾತ್ರಿ ದೇಶದ ಎಷ್ಟು ತಂದೆಯರು ಮಲಗಿದ್ದ ತಮ್ಮ ಮಕ್ಕಳ ಮುಖ ನೋಡಿದರೋ! ಅವರು ನೋಡಬೇಕಾದ ಇನ್ನೊಂದು ಚಿತ್ರ ಪುಣೆಯಿಂದ ಹೆಚ್ಚು ದೂರವಿಲ್ಲದ ಕಲ್ಯಾಣದಲ್ಲಿದೆ. 2016ರ ಜನವರಿಯಲ್ಲಿ ಪ್ರಣವ್ ಧನಾವಡೆ ಎಂಬ ಆಟೋ ಚಾಲಕರ ಮಗ ಶಾಲಾ ಪಂದ್ಯದಲ್ಲಿ ಔಟಾಗದೆ 1009 ರನ್ ಹೊಡೆದ. ಜಗತ್ತೇ ಮಾತಾಡಿತು. ಮುಂಬಯಿ ಸಂಸ್ಥೆ ತಿಂಗಳಿಗೆ 10,000 ರೂಪಾಯಿ ವಿದ್ಯಾರ್ಥಿವೇತನ ಘೋಷಿಸಿತು. ಮರುವರ್ಷ ಆ ಹಣ ಬೇಡವೆಂದು ಅವನ ತಂದೆಯೇ ಪತ್ರ ಬರೆದರು. ರನ್ ಬರುವುದು ನಿಂತಿತ್ತು, ಕಣ್ಣುಗಳು ಮಾತ್ರ ಅವನ ಮೇಲಿಂದ ಸರಿದಿರಲಿಲ್ಲ. ಆ ತಂದೆಯ ಪತ್ರ ನಮಗೆ ಆ 1009 ರನ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಆ ಮುದ್ದನ್ನು ಹಿಂತೆಗೆದುಕೊಳ್ಳದೆಯೇ ನಿರೀಕ್ಷೆಯನ್ನು ಹಿಂತೆಗೆದುಕೊಂಡವರು ಅವರು. ಪುಣೆಯದೇ ಮಾತೆಂದರೆ, ಎಸ್.ಪಿ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಡಿ.ಬಿ. ದೇವಧರ್ ಮಹಾರಾಷ್ಟ್ರಕ್ಕೆ ಮೊದಲ ರಣಜಿ ಟ್ರೋಫಿ ಗೆದ್ದುಕೊಟ್ಟದ್ದು 1939–40ರಲ್ಲಿ, ತಮ್ಮ 48ನೆಯ ವಯಸ್ಸಿನ ಹೊತ್ತಿಗೆ. ಹದಿನಾಲ್ಕರಲ್ಲಿ ಎಲ್ಲ ಮುಗಿಯಿತೆಂದು ಅಳುವ ಮನೆಗಳಲ್ಲಿ ಅವರ ಚಿತ್ರ ತೂಗುಹಾಕಬಹುದು.

ನಮ್ಮಂಥವರಿಗೆ ಮಾತ್ರ ಇರುವ ತೊಡಕು ಬೇರೆಯೇ ಒಂದಿದೆ. ಮಹಾರಾಷ್ಟ್ರ ರಾಜ್ಯದಲ್ಲಿ ಮುಂಬಯಿ, ಮಹಾರಾಷ್ಟ್ರ, ವಿದರ್ಭ ಎಂದು ಮೂರು ಕ್ರಿಕೆಟ್ ಸಂಸ್ಥೆಗಳಿವೆ. ಪುಣೆ ಎರಡನೆಯದರ ಕೇಂದ್ರ. ಯಾವ ರಾಜ್ಯಕ್ಕೆ ಆಡಬೇಕಾದರೂ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ವಾಸದ ಪುರಾವೆ ಕೊಡಬೇಕು. ಇಲ್ಲಿ ನಮ್ಮವರ ಮನಸ್ಸಿನಲ್ಲಿ ಒಂದು ಶಂಕೆ ಏಳುತ್ತದೆ: ಹೊರಗಿನವರ ಮಗನನ್ನು ಇವರು ಆರಿಸಿಯಾರೆ? ಅದರ ಹಿಂದೆಯೇ ಒಂದು ಆಸೆ: ನಮ್ಮ ಕರ್ನಾಟಕಕ್ಕೇ ಆಡಿದರೆ ಎಷ್ಟು ಚೆಂದ! ಎರಡೂ ಸೇರಿ ಹನ್ನೆರಡರ ಹುಡುಗ ಶಾಲೆ ಬಿಟ್ಟು, ಗೆಳೆಯರನ್ನು ಬಿಟ್ಟು, ಜಯನಗರದ ಅಜ್ಜಿಯ ಮನೆಯ ಹೊರಕೋಣೆ ಸೇರುತ್ತಾನೆ. ತಂದೆತಾಯಿ ಪುಣೆಯಲ್ಲಿ, ಮಗ ಬೆಂಗಳೂರಿನಲ್ಲಿ, ನಡುವೆ ರಾತ್ರಿಯ ಬಸ್ಸು. ಇಡೀ ಕುಟುಂಬವೇ ಊರು ಬದಲಿಸಿ ಫಲ ಕಂಡದ್ದೂ ಉಂಟು. ದೇವದತ್ತ ಪಡಿಕ್ಕಲ್ ಅವರ ಮನೆಯವರು ಹೈದರಾಬಾದಿನಿಂದ ಬೆಂಗಳೂರಿಗೆ ಬಂದ ಮೇಲೆಯೇ ಆ ಹುಡುಗ ಕರ್ನಾಟಕದ ಆಟಗಾರನಾದ. ಆದರೆ ಅಲ್ಲಿ ಹೋದದ್ದು ಮನೆ, ಮಗುವೊಂದೇ ಅಲ್ಲ. ಈ ವ್ಯತ್ಯಾಸವನ್ನು ನಾವು ದೊಡ್ಡದೆಂದು ಎಣಿಸುತ್ತೇವೆ.

ದ್ರಾವಿಡರನ್ನೇ ತಿರುಗಿಸಿ ನೋಡಿ. ಇಂದೂರಿನಲ್ಲಿ ಹುಟ್ಟಿದ, ಮನೆಯಲ್ಲಿ ಮರಾಠಿ ಮಾತಾಡುವ ಹುಡುಗ ಬೆಂಗಳೂರಿನಲ್ಲಿ ಬೆಳೆದ. ಬೇಸಿಗೆ ಶಿಬಿರದಲ್ಲಿ ಕೇಕಿ ತಾರಾಪೋರರ ಕಣ್ಣಿಗೆ ಬಿದ್ದ. ಕರ್ನಾಟಕದ ಹದಿನೈದರೊಳಗಿನ, ಹದಿನೇಳರೊಳಗಿನ, ಹತ್ತೊಂಬತ್ತರೊಳಗಿನ ತಂಡಗಳಲ್ಲಿ ಆಡುತ್ತ ಮೇಲೇರಿದ. ಅವನನ್ನು ಪುಣೆಗೆ ಸಾಗಿಸಿ ಮಹಾರಾಷ್ಟ್ರಕ್ಕೆ ಆಡಿಸಬೇಕಿತ್ತೆಂದು ಯಾರಾದರೂ ಹೇಳಿದರೆ ನಾವೆಲ್ಲ ನಗುತ್ತೇವೆ. ಅವನು ನಮ್ಮವನೆಂದು ಎದೆಯುಬ್ಬಿಸಿ ಹೇಳಿಕೊಳ್ಳುವ ನಾವು, ಕೋಥ್ರೂಡಿನಲ್ಲಿ ಬೆಳೆದ ನಮ್ಮ ಮಗ ಮಹಾರಾಷ್ಟ್ರದ ಟೋಪಿ ಧರಿಸಿ ಕರ್ನಾಟಕದ ವಿರುದ್ಧ ಶತಕ ಹೊಡೆದರೆ ಏಕೆ ಇರುಸುಮುರುಸುಪಡಬೇಕು? ಅವನನ್ನು ಮರಾಠಿಗರು ತಮ್ಮವನೆಂದು ಹೇಳಿಕೊಳ್ಳಲಿ. ಅದು ನಮಗೆ ನಷ್ಟವೆಂದು ನಮಗನ್ನಿಸುವುದಿಲ್ಲ.

ಹೊರಗಿನವನೆಂಬ ಶಂಕೆಗೆ ಆಧಾರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆಯ್ಕೆಯ ಅನ್ಯಾಯಕ್ಕೆ ಪುಣೆಯಲ್ಲಿ ಹಳೆಯ ಚರಿತ್ರೆಯಿದೆ, ಮತ್ತು ಆ ಚರಿತ್ರೆಯ ನಾಯಕ ನಮ್ಮ ಧಾರವಾಡದಲ್ಲಿ ಹುಟ್ಟಿದವನು. ಪಾಲ್ವಣಕರ್ ಬಾಳೂ ಪೂನಾ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯುತ್ತಿದ್ದ ದಲಿತ ಹುಡುಗ. ಇಂಗ್ಲಿಷರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಚೆಂಡೆಸೆದು ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರನಾದ. ಪುಣೆಯ ಹಿಂದೂಗಳ ತಂಡ ಅವನನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಚರ್ಚಿಸಿತು. ಸೇರಿಸಿಕೊಂಡ ಮೇಲೆ, ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು; ಚಹಾದ ಹೊತ್ತಿಗೆ ಅವನಿಗೆ ಹೊರಗಡೆ ಮಣ್ಣಿನ ಕುಡಿಕೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಆತನಿಗೆ ಹಿಂದೂ ತಂಡದ ನಾಯಕತ್ವ ಕೊನೆಗೂ ಸಿಗಲಿಲ್ಲ. ತಮ್ಮ ವಿಠಲನಿಗೆ 1923ರಲ್ಲಿ ಸಿಕ್ಕಿತು. ತಂಡಗಳಲ್ಲಿ ಹೆಸರಿನ ಕೊನೆಯ ಪದ ನೋಡುವವರು ಇಂದೂ ಇರಬಹುದು. ಆದರೆ ಅಂಥಲ್ಲಿ ಪೆಟ್ಟು ಬೀಳುವುದು ಕಾರಿನಲ್ಲಿ ಬಂದಿಳಿಯುವ ನಮ್ಮ ಮಕ್ಕಳಿಗಿಂತ ಮೊದಲು, ಬ್ಯಾಟು ಎರವಲು ತಂದು ಬಸ್ಸಿನಲ್ಲಿ ಬರುವ ಹುಡುಗನಿಗೆ. ನ್ಯಾಯ ಕೇಳುವುದಾದರೆ ಅವನನ್ನೂ ಸೇರಿಸಿಕೊಂಡು ಕೇಳಬೇಕು.

ಕೇಳಬೇಕಾದದ್ದು ಏನೂ ದೊಡ್ಡದಲ್ಲ. ಟ್ರಯಲ್ಸ್‌ನಲ್ಲಿ ನೆಟ್ಸ್ ಜೊತೆಗೆ ಎಲ್ಲರಿಗೂ ಒಂದು ಪಂದ್ಯವಾದರೂ ಇರಲಿ. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ತಿಳಿಸಲಿ. ಅಕಾಡೆಮಿ ನಡೆಸಿ ಶುಲ್ಕ ಪಡೆಯುವವರು ಆಯ್ಕೆಯ ಮೇಜಿನ ಮುಂದೆ ಕೂರದಿರಲಿ; ಹಿತಾಸಕ್ತಿಯ ಸಂಘರ್ಷ ಕೂಡದೆಂದು ಲೋಧಾ ಸಮಿತಿ ದೊಡ್ಡವರ ಕ್ರಿಕೆಟ್ಟಿಗೆ ಹೇಳಿದ್ದು ಮಕ್ಕಳ ಕ್ರಿಕೆಟ್ಟಿಗೂ ಸಲ್ಲುತ್ತದೆ. ಕರೆಯುವ ಕ್ಲಬ್ಬು ಶುಲ್ಕವೆಷ್ಟು, ತಂಡದಲ್ಲಿ ಎಷ್ಟು ಮಂದಿ, ಕನಿಷ್ಠ ಎಷ್ಟು ಪಂದ್ಯ ಎಂದು ಬರೆದು ಕೊಡಲಿ. ಯೋಚಿಸಲು ಒಂದು ವಾರ ಬಿಡಲಿ. ಕೊಡದ ಕ್ಲಬ್ಬಿಗೆ ಬೇಡವೆನ್ನುವ ಎದೆಗಾರಿಕೆ ಹತ್ತು ಮನೆಗಳಿಗೆ ಬಂದರೆ ಅದು ತಾನಾಗಿ ಕೊಡುತ್ತದೆ. ಹೆಣ್ಣುಮಕ್ಕಳ ಆಯ್ಕೆಯ ದಿನಗಳಂತೂ ಗಂಡುಮಕ್ಕಳ ದಿನಗಳಷ್ಟೇ ಮುಂಚಿತವಾಗಿ ಪ್ರಕಟವಾಗಲಿ. ನಮ್ಮ ಗಡಿಗೆ ತಾಗಿದ ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ ಒಂಬತ್ತು ವರ್ಷಕ್ಕೆ ಮಹಾರಾಷ್ಟ್ರದ ಹದಿನೈದರೊಳಗಿನ ತಂಡ ಸೇರಿದ್ದು, ಅಣ್ಣನ ಜೊತೆ ಮೈದಾನಕ್ಕೆ ಹೋಗಿ ಬರುವ ಅಭ್ಯಾಸ ಆ ಮನೆಯಲ್ಲಿದ್ದುದರಿಂದ. ಅಣ್ಣನಿಲ್ಲದ ಹುಡುಗಿಯರಿಗೂ ಸುದ್ದಿ ತಲುಪಬೇಕು.

ಪಟ್ಟಿಯಲ್ಲಿ ಹೆಸರಿಲ್ಲದ ಸಂಜೆ ಥೇರ್‌ಗಾಂವ್‌ನಿಂದ ಕೋಥ್ರೂಡಿಗೆ ಬರಲು, ಪುಣೆಯ ವಾಹನಗಳ ನಡುವೆ, ಒಂದು ಗಂಟೆಗೂ ಮೇಲೆ ಬೇಕು. ಹುಡುಗ ದಿನವಿಡೀ ಮರಾಠಿಯಲ್ಲಿ ಕೂಗಿ, ಹಿಂದಿಯಲ್ಲಿ ಜಗಳವಾಡಿ, ಇಂಗ್ಲಿಷಿನಲ್ಲಿ ಅರ್ಜಿ ತುಂಬಿ ಬಂದಿರುತ್ತಾನೆ. ಆ ಒಂದು ಗಂಟೆಯಲ್ಲಿ ಅವನು ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಕನ್ನಡದಲ್ಲಿ ಮಾತಾಡುತ್ತಾನೆ, ಇಲ್ಲವೇ ಸುಮ್ಮನಿರುತ್ತಾನೆ. ಮೂರನೆಯ ಚೆಂಡಿಗೆ ಏಕೆ ಹಾಗೆ ಬ್ಯಾಟು ಬೀಸಿದೆ ಎಂದು ಆಗ ಕೇಳದಿದ್ದರೆ, ಅರ್ಧ ದಾರಿಯ ಹೊತ್ತಿಗಲ್ಲದಿದ್ದರೂ ಮನೆಯ ತಿರುವಿನ ಹೊತ್ತಿಗೆ, ಅವನೇ ಹೇಳುವುದನ್ನು ನಾವು ಕಂಡಿದ್ದೇವೆ.